ನಾರ್ತಂಬರ್ಲೆಂಡ್ ಕಡಲಂಚಿನಲ್ಲಿ ಒಂದು ವಾರ: ಮೊದಲು ಉಬ್ಬರವಿಳಿತ ನೋಡಿ, ಆಮೇಲೆ ರೂಮು ಹಿಡಿಯಿರಿ

ಇಂಗ್ಲೆಂಡಿನಲ್ಲಿ ಬೀಚಿಗೆ ಹೋಗಬೇಕೆಂದವರು ಸಾಮಾನ್ಯವಾಗಿ ದಕ್ಷಿಣದ ಬ್ರೈಟನ್ ಅಥವಾ ಕಾರ್ನ್‌ವಾಲ್ ಹುಡುಕುತ್ತಾರೆ. ಕೋಟೆ, ಹಳೆಯ ಮಠ, ಮೈಲುಗಟ್ಟಲೆ ಖಾಲಿ ಮರಳು ಇವೆಲ್ಲ ಅರ್ಧ ಗಂಟೆಯ ದಾರಿಯೊಳಗೆ ಸಿಗಬೇಕಿದ್ದರೆ ಈಶಾನ್ಯ ಮೂಲೆಯ ನಾರ್ತಂಬರ್ಲೆಂಡೇ ಸರಿ. ನ್ಯೂಕ್ಯಾಸಲ್ ನಗರದಿಂದ ಸ್ಕಾಟ್ಲೆಂಡ್ ಗಡಿಯ ಬೆರಿಕ್ ಊರಿನ ತನಕ ಸುಮಾರು 100 ಕಿ.ಮೀ. ದೂರ. ಒಂದು ವಾರಕ್ಕೆ ಹದವಾದ ಅಳತೆ.

ಇಲ್ಲಿ ಯೋಜನೆ ಕೆಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ವಿಮಾನ, ರೈಲು, ರೂಮು ಎಲ್ಲ ಬುಕ್ ಆದಮೇಲೆ ಗೊತ್ತಾಗುತ್ತದೆ, ಹೋಲಿ ಐಲ್ಯಾಂಡ್ ಎಂಬ ದ್ವೀಪಕ್ಕೆ ಇಟ್ಟುಕೊಂಡ ದಿನ ಅಲ್ಲಿಗೆ ಹೋಗುವ ರಸ್ತೆ ಉಬ್ಬರದ ನೀರಿನಡಿ ಇದೆ ಎಂದು. ಆದ್ದರಿಂದ ದ್ವೀಪದ ದಿನವನ್ನು ಮೊದಲು ಗೊತ್ತು ಮಾಡಿ. ಕಡಲಹಕ್ಕಿಗಳ ಫಾರ್ನ್ ದ್ವೀಪಗಳ ದೋಣಿಗೆ ಒಂದು ದಿನ, ಅದರ ಬೆನ್ನಿಗೆ ಒಂದು ಖಾಲಿ ದಿನ ಇಡಿ. ಉಳಿದ ಕೋಟೆಗಳು ಎಲ್ಲಿ ಬೇಕಾದರೂ ಕೂರುತ್ತವೆ, ಅವು ಎಲ್ಲಿಗೂ ಹೋಗುವುದಿಲ್ಲ.

ಹೋಲಿ ಐಲ್ಯಾಂಡ್ ದಾಟುವ ಲೆಕ್ಕ

ಲಿಂಡಿಸ್‌ಫಾರ್ನ್ ಎಂದೂ ಕರೆಯುವ ಈ ದ್ವೀಪದಲ್ಲಿ ಸಂತ ಏಡನ್ ಕ್ರಿ.ಶ. 635ರಲ್ಲಿ ಮಠ ಕಟ್ಟಿದ. 793ರಲ್ಲಿ ವೈಕಿಂಗರು ಅದರ ಮೇಲೆ ದಾಳಿ ಮಾಡಿದರು. ಈಗ ನಿಂತಿರುವ ಕೆಂಪು ಕಲ್ಲಿನ ಪ್ರಯರಿಯ (ಕ್ರೈಸ್ತ ಮಠದ) ಅವಶೇಷ ಅದಕ್ಕಿಂತ ಈಚಿನದು. ಮುಖ್ಯನೆಲದಿಂದ ಅಲ್ಲಿಗೆ ಒಂದೇ ಡಾಂಬರು ರಸ್ತೆ, ದಿನಕ್ಕೆ ಎರಡು ಸಲ ಸಮುದ್ರ ಅದರ ಮೇಲೆ ಹರಿಯುತ್ತದೆ. ಮಂಗಳೂರು, ಮಲ್ಪೆ ಕಡೆಯ ಉಬ್ಬರ ನೋಡಿದವರಿಗೆ ಇದರ ಪ್ರಮಾಣ ಅಂದಾಜಾಗಲಿಕ್ಕಿಲ್ಲ. ದೊಡ್ಡ ಉಬ್ಬರದ ದಿನಗಳಲ್ಲಿ ಇಲ್ಲಿ ನೀರಿನ ಮಟ್ಟ 4 ಮೀಟರಿನಷ್ಟು ಏರಿಳಿಯುತ್ತದೆ.

ನಾರ್ತಂಬರ್ಲೆಂಡ್ ಕೌಂಟಿ ಕೌನ್ಸಿಲ್ ಸುರಕ್ಷಿತವಾಗಿ ದಾಟುವ ಹೊತ್ತಿನ ಪಟ್ಟಿಯನ್ನು ತಿಂಗಳುಗಳ ಮುಂಚೆಯೇ ಪ್ರಕಟಿಸುತ್ತದೆ. ರಸ್ತೆ ಹೆಚ್ಚುಕಡಿಮೆ ಉಬ್ಬರದ ತುದಿಗೆ ಎರಡು ಗಂಟೆ ಮುಂಚೆ ಮುಚ್ಚಿ, ಮೂರು ಗಂಟೆ ಆದಮೇಲೆ ತೆರೆಯುತ್ತದೆ. ದಿನದಿಂದ ದಿನಕ್ಕೆ ಈ ಹೊತ್ತು ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ಮನೆಯ ಗೋಡೆಯಲ್ಲಿ ಕ್ಯಾಲೆಂಡರ್ ಇದ್ದರೆ ಮೊದಲ ಅಂದಾಜು ಅದರಲ್ಲೇ ಸಿಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಸುಮಾರಿಗೆ ರಸ್ತೆ ಬೆಳಗ್ಗೆ ತೆರೆದಿದ್ದು ಮಧ್ಯಾಹ್ನ ಮುಚ್ಚುತ್ತದೆ. ಅಷ್ಟಮಿಯ ಸುಮಾರಿಗೆ ಬೆಳಗ್ಗೆ ಮುಚ್ಚಿ, ಮಧ್ಯಾಹ್ನದಿಂದ ಸಂಜೆಯವರೆಗೆ ತೆರೆದಿರುತ್ತದೆ. ವಾರ ಆರಿಸಿಕೊಳ್ಳಲು ಇಷ್ಟು ಸಾಕು. ಕಾರು ಇಳಿಸುವಾಗ ಮಾತ್ರ ಕೌನ್ಸಿಲ್ ಪಟ್ಟಿಯೊಂದೇ ಪ್ರಮಾಣ. ಬೇರೆ ಉಬ್ಬರದ ಪಟ್ಟಿಗಳಲ್ಲಿ ಒಂದು ಅಪಾಯವಿದೆ: ಕೆಲವು ಗ್ರೀನಿಚ್ ಸಮಯದಲ್ಲಿ ಇರುತ್ತವೆ. ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಇಂಗ್ಲೆಂಡಿನ ಗಡಿಯಾರ ಅದಕ್ಕಿಂತ ಒಂದು ಗಂಟೆ ಮುಂದಿರುತ್ತದೆ.

ಭೇಟಿಗೆ ಎರಡು ದಾರಿ. ರಸ್ತೆ ತೆರೆದಿರುವ ಹೊತ್ತಿನೊಳಗೆ ಹೋಗಿ ಬರುವುದು ಒಂದು, ಎಲ್ಲರೂ ಮಾಡುವುದು ಅದನ್ನೇ. ಮುಚ್ಚುವ ಮುಂಚೆ ಒಳಗೆ ಹೋಗಿ, ಐದಾರು ಗಂಟೆ ಅಲ್ಲೇ ಉಳಿದು, ತೆರೆದಮೇಲೆ ಹೊರಬರುವುದು ಇನ್ನೊಂದು. ಜಾಗ ಅನುಭವಿಸಬೇಕಿದ್ದರೆ ಎರಡನೆಯದೇ ಮೇಲು. ರಸ್ತೆ ಮುಳುಗುತ್ತಿದ್ದಂತೆ ದಿನದ ಪ್ರವಾಸಿಗರ ಗದ್ದಲ ಅರ್ಧಕ್ಕರ್ಧ ಇಳಿದು, ಊರು ತಣ್ಣಗಾಗುತ್ತದೆ. ಪ್ರಯರಿಗೆ ಒಂದೂವರೆ ಗಂಟೆ ಬೇಕು. ಊರಂಚಿನ ಪಾರ್ಕಿಂಗಿನಿಂದ ಕೋಟೆಗೆ ಒಂದು ಮೈಲಿಗೂ ಹೆಚ್ಚು ನಡಿಗೆ. ಕೋಟೆ ನೋಡಲು ಮತ್ತೊಂದು ಗಂಟೆ. 20ನೇ ಶತಮಾನದ ಆರಂಭದಲ್ಲಿ ಆ ಕೋಟೆಯನ್ನು ವಾಸದ ಮನೆಯಾಗಿ ತಿದ್ದಿದವನು ವಾಸ್ತುಶಿಲ್ಪಿ ಎಡ್ವಿನ್ ಲಟ್ಯೆನ್ಸ್, ನವದೆಹಲಿಯ ರಾಷ್ಟ್ರಪತಿ ಭವನ ಕಟ್ಟಿದ ಅದೇ ಲಟ್ಯೆನ್ಸ್. ಕೋಟೆ ತೆರೆಯುವ ಹೊತ್ತೂ ಉಬ್ಬರಕ್ಕೆ ತಕ್ಕಂತೆ ಬದಲಾಗುವುದರಿಂದ ಹಿಂದಿನ ದಿನ ಅವರ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ. ಪ್ರಸಿದ್ಧ ಲಿಂಡಿಸ್‌ಫಾರ್ನ್ ಸುವಾರ್ತೆಗಳ ಹಸ್ತಪ್ರತಿ ಇಲ್ಲಿಲ್ಲ, ಅದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ.

ಪ್ರತಿ ವರ್ಷ ಕಾರುಗಳು ನೀರಿಗೆ ಸಿಕ್ಕಿಬೀಳುವುದು ಹೀಗೆ: ದ್ವೀಪದ ಕಡೆಯಿಂದ ಹೊರಟಾಗ ಕಣ್ಣಿಗೆ ಕಾಣುವ ರಸ್ತೆ ಒಣಗಿರುತ್ತದೆ, ಇನ್ನೂ ಹತ್ತು ನಿಮಿಷ ಇದೆ ಅನ್ನಿಸುತ್ತದೆ. ಆದರೆ ಮೊದಲು ಮುಳುಗುವುದು ಮುಖ್ಯನೆಲದ ಕಡೆಯ ಸಣ್ಣ ಸೇತುವೆಯ ಆಸುಪಾಸಿನ ತಗ್ಗು. ಅಲ್ಲಿ ತಲುಪುವ ಹೊತ್ತಿಗೆ ಮುಂದೆಯೂ ನೀರು, ಹಿಂದೆಯೂ ನೀರು. ಗಾಳಿ ಜೋರಾಗಿದ್ದರೆ ಪಟ್ಟಿಯ ಹೊತ್ತಿಗಿಂತ ಮುಂಚೆಯೇ ನೀರು ಬರಬಹುದು. ಹಾಗಾಗಿ ಕೊನೆಯ ಅರ್ಧ ಗಂಟೆಯನ್ನು ಲೆಕ್ಕಕ್ಕೇ ಹಿಡಿಯಬೇಡಿ. ಸಿಕ್ಕಿಕೊಂಡರೆ ಕಾರು ಬಿಟ್ಟು, ಸೇತುವೆಯ ಪಕ್ಕದಲ್ಲಿ ಕಂಬಗಳ ಮೇಲೆ ನಿಂತಿರುವ ಬಿಳಿ ಗೂಡಿಗೆ ಹತ್ತಿ, 999ಕ್ಕೆ ಫೋನ್ ಮಾಡಿ ಕೋಸ್ಟ್‌ಗಾರ್ಡ್ ಕೇಳಿ. ಬಾಡಿಗೆ ಕಾರಿನ ವಿಮೆ ಉಪ್ಪುನೀರಿನ ನಷ್ಟ ತುಂಬಿಕೊಡುತ್ತದೆಂದು ನಂಬಿ ಕೂರಬೇಡಿ.

ಕಾರಿಲ್ಲದಿದ್ದರೆ ಬೆರಿಕ್‌ನಿಂದ 477 ನಂಬರಿನ ಬಸ್ಸಿದೆ. ಅದರ ವೇಳಾಪಟ್ಟಿಯೂ ಉಬ್ಬರದಂತೆ ಬದಲಾಗುತ್ತದೆ, ಎಲ್ಲ ದಿನವೂ ಓಡುವುದಿಲ್ಲ. ಮರಳಿನ ಮೇಲೆ ಕಂಬಗಳ ಸಾಲು ಹಿಡಿದು ನಡೆದು ದಾಟುವ ಯಾತ್ರಿಕರ ದಾರಿಯೂ ಇದೆ, ಸುಮಾರು 5 ಕಿ.ಮೀ. ಕೆಸರು, ತೋಡುಗಳಿರುವ ದಾರಿ. ಗೊತ್ತಿರುವ ಗೈಡ್ ಇಲ್ಲದೆ ಇಳಿಯಬೇಡಿ. ರಸ್ತೆಗೆ ಕೊಟ್ಟ ಹೊತ್ತು ನಡಿಗೆಯ ದಾರಿಗೆ ಅನ್ವಯಿಸುವುದಿಲ್ಲ.

ಪಫಿನ್ ನೋಡುವ ದೋಣಿ

ಫಾರ್ನ್ ದ್ವೀಪಗಳಿಗೆ ದೋಣಿ ಹೊರಡುವುದು ಸೀಹೌಸಸ್ ಬಂದರಿನಿಂದ. ಪಫಿನ್ ಹಕ್ಕಿಗಳು ಏಪ್ರಿಲ್‌ನಲ್ಲಿ ಬಂದು ಜುಲೈ ಕೊನೆಗೆ ಕಡಲಿಗೆ ಮರಳುತ್ತವೆ. ಆಗಸ್ಟ್ ರಜೆಗೆ ಹೋಗಿ ಪಫಿನ್ ಕಾಣಲಿಲ್ಲ ಎಂದು ಬೇಸರಪಡುವವರು ಬಹಳ. ಮೇ ಮಧ್ಯದಿಂದ ಜೂನ್ ಕೊನೆ ಅತ್ಯುತ್ತಮ: ಗೂಡಿನ ತುಂಬ ಹಕ್ಕಿ, ರಾತ್ರಿ ಒಂಬತ್ತೂವರೆಯ ತನಕ ಬೆಳಕು, ಇಂಗ್ಲೆಂಡಿನ ಶಾಲೆಗಳ ಬೇಸಿಗೆ ರಜೆಯೂ ಇನ್ನೂ ಶುರುವಾಗಿರುವುದಿಲ್ಲ. ಮೇ ಕೊನೆಯ ವಾರ ಮಾತ್ರ ಶಾಲೆಗಳಿಗೆ ಸಣ್ಣ ರಜೆ, ಅದನ್ನು ತಪ್ಪಿಸಿ.

ದ್ವೀಪಗಳ ಸುತ್ತ ಬರೀ ಸುತ್ತಿ ಬರುವ ದೋಣಿ ಬೇರೆ, ಇಳಿಸುವ ದೋಣಿ ಬೇರೆ. ಇಳಿಯುವುದಾದರೆ ದೋಣಿಯ ಟಿಕೆಟ್ಟಿನ ಜೊತೆ, ದ್ವೀಪಗಳನ್ನು ನೋಡಿಕೊಳ್ಳುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಗೆ ಪ್ರತ್ಯೇಕ ಶುಲ್ಕ. ಹಕ್ಕಿಜ್ವರದ ವರ್ಷಗಳಲ್ಲಿ ಇಳಿಯುವುದನ್ನೇ ನಿಲ್ಲಿಸಿದ್ದರು, ಆದ್ದರಿಂದ ಬುಕ್ ಮಾಡುವಾಗಲೇ ಖಚಿತ ಮಾಡಿಕೊಳ್ಳಿ. ಅಲೆ ದೊಡ್ಡದಿದ್ದರೆ ದೋಣಿ ರದ್ದು. ಖಾಲಿ ದಿನ ಇಡಿ ಎಂದದ್ದು ಇದಕ್ಕೇ. ದಪ್ಪ ಟೋಪಿ ಮರೆಯಬೇಡಿ. ಇನ್ನರ್ ಫಾರ್ನ್ ದ್ವೀಪದ ಕಾಲುದಾರಿಯ ಪಕ್ಕದಲ್ಲೇ ಆರ್ಕ್‌ಟಿಕ್ ಟರ್ನ್ ಎಂಬ ಕಡಲಹಕ್ಕಿಗಳು ಮೊಟ್ಟೆ ಇಟ್ಟಿರುತ್ತವೆ. ಹತ್ತಿರ ಬಂದವರ ತಲೆಯ ಅತಿ ಎತ್ತರದ ಜಾಗಕ್ಕೆ ನೇರ ಎರಗಿ ಕುಕ್ಕುತ್ತವೆ, ಬರಿತಲೆಗೆ ರಕ್ತ ಬರುವಷ್ಟು.

ಕೋಟೆಗಳು, ಪಾಸುಗಳು

ಪಾಸು ಕೊಳ್ಳುವ ಮುಂಚೆ ಯಾವ ಕೋಟೆ ಯಾರದೆಂದು ನೋಡಿ, ಇಲ್ಲಿ ದುಡ್ಡು ಪೋಲಾಗುವುದು ಸುಲಭ. ಲಿಂಡಿಸ್‌ಫಾರ್ನ್ ಪ್ರಯರಿ, ಡನ್‌ಸ್ಟನ್‌ಬರಾ, ವಾರ್ಕ್‌ವರ್ತ್, ಟೈನ್‌ಮೌತ್ ಇವು ಹಳೆಯ ಕಟ್ಟಡಗಳನ್ನು ನೋಡಿಕೊಳ್ಳುವ ಇಂಗ್ಲಿಷ್ ಹೆರಿಟೇಜ್ ಸಂಸ್ಥೆಯ ಕೈಯಲ್ಲಿವೆ. ಲಿಂಡಿಸ್‌ಫಾರ್ನ್ ಕೋಟೆ ಮತ್ತು ಫಾರ್ನ್ ದ್ವೀಪಗಳು ನ್ಯಾಷನಲ್ ಟ್ರಸ್ಟಿನವು. ಬ್ಯಾಂಬರಾ, ಆನಿಕ್ ಎರಡೂ ಖಾಸಗಿ, ಅಲ್ಲಿ ಈ ಎರಡು ಸಂಸ್ಥೆಗಳ ಪಾಸು ನಡೆಯುವುದಿಲ್ಲ. ಹೊರದೇಶದಿಂದ ಬರುವವರಿಗೆ ಇಂಗ್ಲಿಷ್ ಹೆರಿಟೇಜ್ 9 ಮತ್ತು 16 ದಿನಗಳ ಪಾಸು ಕೊಡುತ್ತದೆ. ಎರಡೇ ಜಾಗ ನೋಡುವುದಾದರೆ ಬಿಡಿ ಟಿಕೆಟ್ಟೇ ಅಗ್ಗ. ನಾಲ್ಕೂ ನೋಡಿ, ಜೊತೆಗೆ ಒಳನಾಡಿನಲ್ಲಿ ರೋಮನ್ನರು ಕಟ್ಟಿದ ಹೇಡ್ರಿಯನ್ ಗೋಡೆಯ ಚೆಸ್ಟರ್ಸ್, ಹೌಸ್‌ಸ್ಟೆಡ್ಸ್ ಕೋಟೆಗಳಿಗೂ ಹೋಗುವುದಾದರೆ ಪಾಸು ಲಾಭ. ಬ್ರಿಟನ್ನಿನಲ್ಲೇ ನೆಲೆಸಿರುವ ಕನ್ನಡಿಗರಿಗೆ ವಾರ್ಷಿಕ ಸದಸ್ಯತ್ವ ವಾಸಿ, ಮಕ್ಕಳಿಗೆ ಬೇರೆ ಟಿಕೆಟ್ ಬೇಕಾಗುವುದಿಲ್ಲ.

ಬ್ಯಾಂಬರಾಕ್ಕೆ ಎರಡು ಗಂಟೆ ಸಾಕು. ಒಳಗಿನ ಬಹುಪಾಲು ಕೋಣೆಗಳು 1894ರಲ್ಲಿ ಕೋಟೆ ಕೊಂಡ ಕೈಗಾರಿಕೋದ್ಯಮಿ ಲಾರ್ಡ್ ಆರ್ಮ್‌ಸ್ಟ್ರಾಂಗ್ ಕಾಲದ ಜೀರ್ಣೋದ್ಧಾರದ ಫಲ. ಹೊರಗಿನಿಂದ ನೋಡುವ ನೋಟವೇ ಇದರ ಹೆಚ್ಚುಗಾರಿಕೆ, ಸಂಜೆ ಬಿಸಿಲಲ್ಲಿ ಉತ್ತರದ ದೀಪಸ್ತಂಭದ ಕಡೆಯ ಮರಳಿನಿಂದ ನೋಡಿ. ಆನಿಕ್ ಕೋಟೆಯಲ್ಲಿ (ನಕ್ಷೆಯಲ್ಲಿ ಆಲ್ನ್‌ವಿಕ್ ಎಂಬಂತೆ ಬರೆದಿರುತ್ತದೆ) ಪರ್ಸಿ ಮನೆತನ 1309ರಿಂದ ಇದೆ, ಈಗಲೂ ವಾಸವಿದ್ದಾರೆ. ಚಳಿಗಾಲದಲ್ಲಿ ಬಾಗಿಲು ಹಾಕಿರುತ್ತದೆ. ಮಕ್ಕಳಿದ್ದರೆ, ಅಂಗಳದಲ್ಲಿ ಹ್ಯಾರಿ ಪಾಟರ್ ಸಿನಿಮಾದಂತೆ ಪೊರಕೆ ಮೇಲೆ ಹಾರುವ ಆಟದ ಪಾಠ ನಡೆಯುತ್ತದೆ, ಒಳಗೆ ಹೋದ ತಕ್ಷಣ ಅದರ ಹೊತ್ತು ವಿಚಾರಿಸಿ.

ಒಂದೇ ಕೋಟೆಗೆ ಸಮಯವಿದ್ದರೆ ಡನ್‌ಸ್ಟನ್‌ಬರಾ. 1313ರಲ್ಲಿ ಲ್ಯಾಂಕಾಸ್ಟರಿನ ಅರ್ಲ್ ಥಾಮಸ್ ಶುರು ಮಾಡಿದ ಕೋಟೆ ಈಗ ಪಾಳು. ಗಾಡಿ ಹೋಗುವುದಿಲ್ಲ. ಕ್ರಾಸ್ಟರ್ ಊರಿನಿಂದ ಹುಲ್ಲುಗಾವಲಿನ ಮೇಲೆ, ಕಡಲನ್ನು ಬಲಕ್ಕೆ ಇಟ್ಟುಕೊಂಡು ಸುಮಾರು 2 ಕಿ.ಮೀ. ನಡೆಯಬೇಕು. ದಾರಿಯಲ್ಲಿ ನೆರಳಿಲ್ಲ, ಕೋಟೆಯಲ್ಲಿ ಕೆಫೆ ಇಲ್ಲ, ನೀರು ಒಯ್ಯಿರಿ, ಶೌಚ ಕ್ರಾಸ್ಟರ್‌ನಲ್ಲೇ ಮುಗಿಸಿ. ಬೇಸಿಗೆಯಲ್ಲಿ ಕ್ರಾಸ್ಟರ್‌ನ ಹಳೇ ಕಲ್ಲುಕ್ವಾರಿಯ ಪಾರ್ಕಿಂಗ್ ಬೆಳಗ್ಗೆಯೇ ತುಂಬುತ್ತದೆ. ಆಗ ಉತ್ತರದ ಎಂಬಲ್ಟನ್ ಕಡೆ ಕಾರು ನಿಲ್ಲಿಸಿ ಮರಳಿನ ಮೇಲೆ ನಡೆದು ಬನ್ನಿ. ನಿಜ ಹೇಳಬೇಕೆಂದರೆ ಆ ಕಡೆಯ ನೋಟವೇ ಚೆಂದ.

ನೀರಿಗೆ ಇಳಿಯುವ ಮುಂಚೆ

ಬ್ಯಾಂಬರಾ, ಬೀಡ್ನೆಲ್, ಎಂಬಲ್ಟನ್ ಕೊಲ್ಲಿಗಳ ಮರಳು ಕಂಡರೆ ಗೋಕರ್ಣ ನೆನಪಾಗಬಹುದು, ನೀರು ಮುಟ್ಟಿದರೆ ಇಲ್ಲ. ಉತ್ತರ ಸಮುದ್ರ ಇಲ್ಲಿ ಆಗಸ್ಟಿನಲ್ಲೂ 14 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಅಂಥ ನೀರಿಗೆ ಧುಮುಕಿದರೆ ಉಸಿರು ತಾನಾಗಿ ಏದುಸಿರಾಗುತ್ತದೆ, ಈಜು ಬಲ್ಲವರೂ ಆ ಒಂದೆರಡು ನಿಮಿಷದಲ್ಲೇ ಮುಳುಗುವುದು. ಮೆಲ್ಲಗೆ ಇಳಿಯಿರಿ, ಮಕ್ಕಳಿಗೆ ವೆಟ್‌ಸೂಟ್ ಹಾಕಿಸಿ. ಜೀವರಕ್ಷಕರು ಕೆಲವೇ ಬೀಚುಗಳಲ್ಲಿ, ಅದೂ ಬೇಸಿಗೆಯಲ್ಲಿ ಮಾತ್ರ. ಕೆಂಪು-ಹಳದಿ ಬಾವುಟಗಳ ನಡುವೆ ಮಾತ್ರ ಈಜಿ. ಬೆಳಗ್ಗೆ ಬಿಸಿಲಿದ್ದರೂ ಕಡಲಿನಿಂದ ದಟ್ಟ ಮಂಜು ಒಳನುಗ್ಗಿ ಅರ್ಧ ಗಂಟೆಯಲ್ಲಿ ಚಳಿ ಹಿಡಿಸುವುದುಂಟು. ಜೂನ್ ತಿಂಗಳಾದರೂ ಗಾಳಿ ತಡೆಯುವ ಜಾಕೆಟ್ ಬ್ಯಾಗಿನಲ್ಲಿರಲಿ. ಹಾಗೆ ಮಂಜು ಕವಿದ ದಿನ ಆನಿಕ್‌ಗೆ ಹೋಗಿ. ಕಡಲಿನಿಂದ ಏಳೆಂಟು ಕಿ.ಮೀ. ಒಳಗಿರುವ ಅಲ್ಲಿ ಅನೇಕ ಸಲ ಬಿಸಿಲೇ ಇರುತ್ತದೆ.

ತಲುಪುವುದು, ತಂಗುವುದು, ಉಣ್ಣುವುದು

ಭಾರತದ ಪಾಸ್‌ಪೋರ್ಟಿಗೆ ಸ್ಟ್ಯಾಂಡರ್ಡ್ ವಿಸಿಟರ್ ವೀಸಾ ಬೇಕು. ಹೊರಡುವ ದಿನಕ್ಕೆ ಮೂರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, ಸಾಮಾನ್ಯವಾಗಿ ಮೂರು ವಾರ ಹಿಡಿಯುತ್ತದೆ. ಶೆಂಗೆನ್ ವೀಸಾ ಇಲ್ಲಿ ನಡೆಯದು. ಬೆಂಗಳೂರಿನಿಂದ ಲಂಡನ್ನಿಗೆ ನೇರ ವಿಮಾನವಿದೆ. ಲಂಡನ್ ನೋಡುವ ಆಸೆಯಿಲ್ಲದಿದ್ದರೆ ದುಬೈ ಮೂಲಕ ನೇರವಾಗಿ ನ್ಯೂಕ್ಯಾಸಲ್‌ಗೇ ಇಳಿಯುವುದು ಜಾಣತನ. ಲಂಡನ್ನಿನ ಕಿಂಗ್ಸ್ ಕ್ರಾಸಿನಿಂದ ಆನಿಕ್‌ಗೆ ಹತ್ತಿರದ ಆಲ್ನ್‌ಮೌತ್ ಸ್ಟೇಷನ್ನಿಗೆ ರೈಲಿನಲ್ಲಿ ಮೂರೂವರೆ ಗಂಟೆಯ ಆಸುಪಾಸು. ಅಡ್ವಾನ್ಸ್ ಟಿಕೆಟ್ ಅಗ್ಗ, ಆದರೆ ಅದರಲ್ಲಿ ಬರೆದ ರೈಲಿಗೆ ಮಾತ್ರ ಸಲ್ಲುತ್ತದೆ. ವಿಮಾನ ಇಳಿದ ದಿನವೇ ಅಂಥ ಟಿಕೆಟ್ ಇಟ್ಟುಕೊಂಡು ವಿಮಾನ ತಡವಾದರೆ ಪೂರ್ತಿ ಹಣ ಹೋಯಿತು.

ಭಾರತದ ಡ್ರೈವಿಂಗ್ ಲೈಸೆನ್ಸಿನಲ್ಲಿ ಪ್ರವಾಸಿಗರು 12 ತಿಂಗಳು ಕಾರು ಓಡಿಸಬಹುದು, ಎಡಗಡೆಯ ಸಂಚಾರವೇ. ಬಾಡಿಗೆಗೆ ಚಾಲಕರ ಹೆಸರಿನದೇ ಕ್ರೆಡಿಟ್ ಕಾರ್ಡ್ ಕೇಳುತ್ತಾರೆ. ಆಟೊಮ್ಯಾಟಿಕ್ ಗೇರಿನ ಕಾರು ಬೇಕಿದ್ದರೆ ಮೊದಲೇ ಹೇಳಬೇಕು. ಕಾರಿಲ್ಲದವರು ಆನಿಕ್‌ನಲ್ಲಿ ತಂಗಲಿ. ನ್ಯೂಕ್ಯಾಸಲ್, ಆನಿಕ್, ಕ್ರಾಸ್ಟರ್, ಸೀಹೌಸಸ್, ಬ್ಯಾಂಬರಾ, ಬೆರಿಕ್ ಎಲ್ಲವನ್ನೂ ಎಕ್ಸ್18 ಬಸ್ಸು ಮುಟ್ಟುತ್ತದೆ. ಕಡಲಂಚಿನ ಭಾಗದಲ್ಲಿ ದಿನಕ್ಕೆ ಕೆಲವೇ ಟ್ರಿಪ್, ಕೊನೆಯ ಬಸ್ಸಿನ ಹೊತ್ತು ಬರೆದಿಟ್ಟುಕೊಳ್ಳಿ.

ಕಾರಿದ್ದರೆ ಸೀಹೌಸಸ್ ಅಥವಾ ಬೀಡ್ನೆಲ್‌ನಲ್ಲಿ ಅಡುಗೆಮನೆ ಇರುವ ಕಾಟೇಜ್ ಹಿಡಿಯಿರಿ. ಬೇಸಿಗೆಯಲ್ಲಿ ಬಹುತೇಕ ಶುಕ್ರವಾರ ಅಥವಾ ಶನಿವಾರದಿಂದ ಪೂರ್ತಿ ವಾರಕ್ಕೇ ಕೊಡುತ್ತಾರೆ, ವಿಮಾನದ ದಿನವನ್ನು ಅದಕ್ಕೆ ಹೊಂದಿಸಿ. ಪಬ್ಬುಗಳ ಅಡುಗೆ ರಾತ್ರಿ ಎಂಟೂವರೆಗೇ ಮುಗಿದಿರುತ್ತದೆ. ಭಾನುವಾರ ದೊಡ್ಡ ಸೂಪರ್ ಮಾರ್ಕೆಟ್ಟುಗಳು ಆರೇ ಗಂಟೆ ತೆರೆದಿರುತ್ತವೆ. ಅಕ್ಕಿ, ಬೇಳೆ ಆನಿಕ್‌ನಲ್ಲಿ ಸಿಗುತ್ತದೆ. ಚಟ್ನಿಪುಡಿ, ಸಾರಿನಪುಡಿ ಊರಿಂದ ತನ್ನಿ, ತುಪ್ಪ ಮತ್ತು ಹಾಲಿನ ಸಿಹಿ ಬೇಡ: ಭಾರತದಿಂದ ಮಾಂಸ, ಹಾಲಿನ ಪದಾರ್ಥ ತರಲು ಅಲ್ಲಿಯ ನಿಯಮ ಬಿಡುವುದಿಲ್ಲ.

ಸಸ್ಯಾಹಾರಿಗಳು ಒಂದು ಮಾತು ಕೇಳಲೇಬೇಕು. ಈಶಾನ್ಯ ಇಂಗ್ಲೆಂಡಿನ ಅನೇಕ ಚಿಪ್ಸ್ ಅಂಗಡಿಗಳಲ್ಲಿ ಆಲೂಗಡ್ಡೆ ಕರಿಯುವುದು ದನದ ಕೊಬ್ಬಿನಲ್ಲಿ. ಬೋರ್ಡಿನಲ್ಲಿ ಬೀಫ್ ಡ್ರಿಪ್ಪಿಂಗ್ ಎಂದು ಹೆಮ್ಮೆಯಿಂದಲೇ ಬರೆದಿರುತ್ತಾರೆ. ಸಸ್ಯಜನ್ಯ ಎಣ್ಣೆಯೇ, ಮೀನಿನ ಬಾಣಲೆ ಬೇರೆಯೇ ಎಂದು ಎರಡನ್ನೂ ಕೇಳಿ. ಮೀನು ತಿನ್ನುವವರು ಕ್ರಾಸ್ಟರ್‌ನಲ್ಲಿ ಓಕ್ ಹೊಗೆಗೆ ಹಿಡಿದ ಕಿಪ್ಪರ್ ಮೀನು ಬಿಡಬೇಡಿ.

ಕೊನೆಯ ದಿನ ವಿಮಾನ ನ್ಯೂಕ್ಯಾಸಲ್‌ನಿಂದಾದರೆ ಹಿಂದಿನ ರಾತ್ರಿ ನಗರದಲ್ಲೇ ಉಳಿದು ಟೈನ್‌ಮೌತ್‌ಗೆ ಮೆಟ್ರೋದಲ್ಲಿ ಹೋಗಿಬನ್ನಿ, ಅರ್ಧ ಗಂಟೆಯೊಳಗಿನ ದಾರಿ. ಬಂಡೆಯ ತುದಿಯ ಪ್ರಯರಿ, ಅದರ ಕೆಳಗೇ ಸಣ್ಣ ಕೊಲ್ಲಿ, ಪಕ್ಕದಲ್ಲಿ ಲಾಂಗ್‌ಸ್ಯಾಂಡ್ಸ್ ಬೀಚು, ಎಲ್ಲ ನಡೆಯುವ ದೂರ. ಏರ್‌ಪೋರ್ಟಿಗೂ ಮೆಟ್ರೋನೇ ಹೋಗುತ್ತದೆ, ಟೈನ್‌ಮೌತ್‌ನಿಂದ ಸೀದಾ ಹೋಗುವುದಾದರೆ ನಗರದ ನಡುವೆ ಒಮ್ಮೆ ಗಾಡಿ ಬದಲಿಸಬೇಕಷ್ಟೆ.