ಡಯಲ್ ಮೇಲಿನ ಹೆಸರು ನೋಡಿ ಪಾರ್ಟ್ ತರಿಸಬೇಡಿ

ಉಡುಪಿಯಲ್ಲಿ ನಮ್ಮ ಮನೆಯ ಕಿಟಕಿ ಪಕ್ಕ ಒಂದು ಸಣ್ಣ ಮೇಜು ಉಂಟು. ಕೀ ಕೊಡುವ ಹಳೆಯ ವಾಚುಗಳನ್ನು ನಾನು ರಿಪೇರಿ ಮಾಡುವುದು ಅಲ್ಲೇ. ಬಿಚ್ಚುವುದು, ತೊಳೆಯುವುದು, ಎಣ್ಣೆ ಹಾಕುವುದು, ಇದೆಲ್ಲ ಅಭ್ಯಾಸದಿಂದ ಬಂತು. ನನಗೆ ನಿಜವಾಗಿ ಮಂಡೆಬಿಸಿ ಮಾಡಿದ್ದು ಸರಿಯಾದ ಪಾರ್ಟ್ ಹುಡುಕುವ ಕೆಲಸ. ಅದನ್ನು ನಾನು ಕಲಿತದ್ದು ಒಂದೇ ಒಂದು ವಾಚಿನಿಂದ.

ನಮ್ಮ ಪಕ್ಕದ ಮನೆಯವರ ಅಪ್ಪ ಚಿಕ್ಕ ವಯಸ್ಸಿನಲ್ಲಿ ಬೊಂಬಾಯಿಗೆ ಹೋಗಿ ಹೋಟೆಲಿನಲ್ಲಿ ದುಡಿದವರು. ಅಲ್ಲಿ ಕೂಡಿಟ್ಟ ದುಡ್ಡಿನಲ್ಲಿ ತೆಗೆದುಕೊಂಡ ವಾಚು ಅದು. ಬಿದ್ದು ನಿಂತುಹೋಗಿತ್ತು. ತೆರೆದು ನೋಡಿದರೆ ಬ್ಯಾಲೆನ್ಸ್ ಚಕ್ರ, ಅಂದರೆ ಅತ್ತಿತ್ತ ತಿರುಗಿ ವಾಚಿನ ವೇಗ ಕಾಯುವ ಚಕ್ರ, ಒಂದು ಕಡೆ ವಾಲಿಕೊಂಡಿದೆ, ಅದರ ಅಚ್ಚಿನ ತುದಿ, ಅಂದರೆ ಬ್ಯಾಲೆನ್ಸ್ ಸ್ಟಾಫಿನ ಪಿವಟ್, ಮುರಿದಿದೆ. ಕೂದಲಿನಷ್ಟು ಸಪೂರದ ತುದಿ ಅದು, ಬಿದ್ದರೆ ಮೊದಲು ಹೋಗುವುದೇ ಅದು. ಡಯಲ್ ಮೇಲೆ ಇದ್ದದ್ದು ನಾನು ಕೇಳಿಯೇ ಇಲ್ಲದ ಹೆಸರು. ಆ ಹೆಸರು ಹಿಡಿದುಕೊಂಡು ಮೂರು ವಾರ ಹುಡುಕಿದೆ. ಮಂಗಳೂರಿನ ಹಂಪನಕಟ್ಟೆ ಕಡೆಯ ಹಳೆಯ ರಿಪೇರಿಯವರನ್ನೂ ಕೇಳಿದೆ. ಅವರಲ್ಲಿ ಒಬ್ಬರು ಡಯಲನ್ನು ನೋಡಲೇ ಇಲ್ಲ. "ಮಷೀನು ಯಾವುದು?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ವಿಷಯ ಇಷ್ಟೇ. ಆ ಕಾಲದ ಎಷ್ಟೋ ಸ್ವಿಸ್ ಕಂಪನಿಗಳು ಒಳಗಿನ ಮಷೀನನ್ನು ತಾವೇ ಮಾಡುತ್ತಿರಲಿಲ್ಲ. ಎ. ಶಿಲ್ಡ್, ಎಫ್‌ಎಚ್‌ಎಫ್, ಇಟಿಎ, ಯುನಿಟಾಸ್, ಪೆಸೋ, ಇಂಥ ಕಾರ್ಖಾನೆಗಳು ಕಚ್ಚಾ ಮಷೀನು ಮಾಡಿ ಕೊಡುತ್ತಿದ್ದವು, ಉಳಿದವರು ಅದನ್ನು ಜೋಡಿಸಿ ತಮ್ಮ ಹೆಸರಿನ ಡಯಲ್ ಹಾಕಿ ಮಾರುತ್ತಿದ್ದರು. ಹಾಗಾಗಿ ಹತ್ತು ಬೇರೆ ಹೆಸರಿನ ವಾಚುಗಳ ಒಳಗೆ ಒಂದೇ ಮಷೀನು ಇರಬಹುದು. ಒಂದೇ ಹೆಸರಿನ ಎರಡು ವಾಚುಗಳಲ್ಲಿ ಬೇರೆ ಬೇರೆ ಮಷೀನು ಇರುವುದೂ ಉಂಟು.

ಗುರುತು ಸಾಮಾನ್ಯವಾಗಿ ಬ್ಯಾಲೆನ್ಸ್ ಚಕ್ರದ ಕೆಳಗೆ, ಮುಖ್ಯ ಪ್ಲೇಟಿನ ಮೇಲೆ ಇರುತ್ತದೆ. ಬ್ಯಾಲೆನ್ಸ್ ತೆಗೆಯುವ ಮೊದಲು ಕ್ಲಿಕ್ (ಕೀ ಕೊಟ್ಟದ್ದು ಹಿಂದೆ ತಿರುಗದಂತೆ ಹಿಡಿಯುವ ಕೊಂಡಿ) ಬಿಡಿಸಿ, ವಾಚನ್ನು ಓಡಿಸುವ ಮೇನ್ ಸ್ಪ್ರಿಂಗಿನ ಬಿಗಿ ಪೂರ್ತಿ ಇಳಿಸಿ, ಇದನ್ನು ಮರೆಯಬೇಡಿ. ನಾನು ಕಣ್ಣಿಗೆ ಲೂಪ್ ಅನ್ನುವ ಭೂತಗನ್ನಡಿ ಹಾಕಿ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿದಾಗ ಸಣ್ಣದಾಗಿ ಎಎಸ್ ಅಂತ ಮುದ್ರೆ, ಪಕ್ಕದಲ್ಲಿ 1130 ಅಂತ ನಂಬರು ಕಂಡಿತು. ಸ್ವಿಟ್ಜರ್ಲೆಂಡಿನ ಗ್ರೆಂಚೆನ್ ಊರಿನ ಎ. ಶಿಲ್ಡ್ ಕಾರ್ಖಾನೆಯದ್ದು. ಸೆಕೆಂಡ್ ಮುಳ್ಳು 6ರ ಜಾಗದಲ್ಲಿ, ಅಳತೆ 13 ಲೀನ್. ಒಂದು ಲೀನ್ ಅಂದರೆ ಸುಮಾರು 2.256 ಮಿಲಿಮೀಟರ್, ಅಂದರೆ ಮಷೀನು 29 ಮಿಲಿಮೀಟರ್ ಚಿಲ್ಲರೆ. ಅಳೆಯುವಾಗ ಹೊರಗಿನ ಅಂಚನ್ನು ಹಿಡಿಯಬೇಡಿ, ಡಯಲ್ ಕೂರುವ ಬದಿಯ ವ್ಯಾಸ ಹಿಡಿಯಿರಿ.

ನಂಬರೇ ಇಲ್ಲದಿದ್ದರೆ? ಆಗ ಡಯಲ್ ತೆಗೆದು ಕೀ ಬರುವ ಜಾಗ ನೋಡುತ್ತೇನೆ. ಅಲ್ಲಿ ಕೀಯ ಕಡ್ಡಿಯನ್ನು ಹಿಡಿದಿಡುವ ಸೆಟ್ಟಿಂಗ್ ಲಿವರ್ ಅನ್ನುವ ತುಂಡಿನ ಸ್ಪ್ರಿಂಗ್ ಉಂಟು, ಅದರ ಆಕಾರ ಮಷೀನಿನಿಂದ ಮಷೀನಿಗೆ ಬದಲಾಗುತ್ತದೆ, ನಮ್ಮ ಬೆರಳಚ್ಚಿನ ಹಾಗೆ. ಫೋಟೋ ತೆಗೆದು, ವ್ಯಾಸ ಬರೆದುಕೊಂಡು, ಹಳೆಯ ಪಾರ್ಟ್ಸ್ ಕ್ಯಾಟಲಾಗಿನ ಚಿತ್ರಗಳ ಜೊತೆ ಹೋಲಿಸಬೇಕು. ತಾಳ್ಮೆ ಬೇಕು, ಆದರೆ ಸಿಗುತ್ತದೆ.

ಸ್ವಿಸ್ ಪಾರ್ಟುಗಳಿಗೆ ಒಂದು ಸಾಮಾನ್ಯ ನಂಬರು ಪದ್ಧತಿಯೂ ಉಂಟು. ಕೀಯ ಕಡ್ಡಿ, ಅಂದರೆ ಸ್ಟೆಮ್, 401, ರ‍್ಯಾಚೆಟ್ ಚಕ್ರ 415, ಕ್ಲಿಕ್ 425, ಸೆಟ್ಟಿಂಗ್ ಲಿವರ್ 443, ಅದರ ಸ್ಪ್ರಿಂಗ್ 445, ಬ್ಯಾಲೆನ್ಸ್ ಸ್ಟಾಫ್ 723, ಮೇನ್ ಸ್ಪ್ರಿಂಗ್ 770. ಭಾಷೆ ಗೊತ್ತಿಲ್ಲದ ಮಾರಾಟಗಾರರಿಗೂ "ಎಎಸ್ 1130, 723" ಅಂದರೆ ಅರ್ಥವಾಗುತ್ತದೆ.

ನಾನೂ ಅಷ್ಟೇ ಬರೆದು ತರಿಸಿದೆ. ಒಂದು ತಿಂಗಳು ಕಾದೆ. ಬಂದ ಸ್ಟಾಫ್ ಕೂರಲಿಲ್ಲ. ಕಳಿಸಿದವರ ತಪ್ಪಲ್ಲ, ನಾನು ಪೂರ್ತಿ ಹೇಳಿರಲಿಲ್ಲ. 1130 ಮಷೀನು ಎರಡು ಬಗೆಯಲ್ಲಿ ಬಂದಿದೆ. ಒಂದರಲ್ಲಿ ಇನ್ಕಾಬ್ಲಾಕ್ ಅನ್ನುವ, ಬಿದ್ದಾಗಿನ ಶಾಕ್ ತಡೆಯುವ ಸ್ಪ್ರಿಂಗ್ ಇದೆ, ಇನ್ನೊಂದರಲ್ಲಿ ಇಲ್ಲ. ಎರಡಕ್ಕೂ ಸ್ಟಾಫ್ ಬೇರೆ. ಬ್ಯಾಲೆನ್ಸ್ ಮಧ್ಯದ ಕಲ್ಲಿನ ಮೇಲೆ ಎತ್ತಿನ ಕೊಂಬಿನ ಹಾಗೆ ಬಾಗಿದ ಸ್ಪ್ರಿಂಗ್ ಕಂಡರೆ ಇನ್ಕಾಬ್ಲಾಕ್, ಮೂರು ಎಸಳಿನ ಹೂವಿನ ಹಾಗಿದ್ದರೆ ಹೆಚ್ಚಾಗಿ ಕಿಫ್ ಅನ್ನುವ ಇನ್ನೊಂದು ಬಗೆ. ಪಕ್ಕದ ಮನೆಯವರ ವಾಚಿನಲ್ಲಿ ಇನ್ಕಾಬ್ಲಾಕ್ ಇತ್ತು, ನನಗೆ ಬಂದದ್ದು ಅದಿಲ್ಲದ ಬಗೆಯದ್ದು. ಎರಡನೇ ಸಲ ಮುರಿದ ಸ್ಟಾಫಿನ ಉದ್ದ, ಚಕ್ರ ಕೂರುವ ಜಾಗದ ದಪ್ಪ, ಉಳಿದಿದ್ದ ಪಿವಟಿನ ದಪ್ಪ ಎಲ್ಲ ಅಳೆದು ಜೊತೆಗೆ ಬರೆದೆ. ಸರಿಯಾದದ್ದು ಬಂತು.

ಇಲ್ಲೇ ಇನ್ನೊಂದು ಮಾತು. ವಾಚಿನಿಂದ ಹೊರಬಂದ ಹಳೆಯ ಪಾರ್ಟನ್ನು ಮಾತ್ರ ನಂಬಿ ಅದರ ಜೋಡಿ ತರಿಸಬೇಡಿ. ಐವತ್ತು ವರ್ಷದಲ್ಲಿ ಎಷ್ಟು ಕೈ ಬದಲಾಗಿದೆಯೋ ಯಾರಿಗೆ ಗೊತ್ತು, ಹಿಂದೆ ರಿಪೇರಿ ಮಾಡಿದವರು ಸಿಕ್ಕಿದ್ದನ್ನು ಉಜ್ಜಿ ಕೂರಿಸಿರಬಹುದು. ಮೇನ್ ಸ್ಪ್ರಿಂಗಿನಲ್ಲಿ ಇದು ಜಾಸ್ತಿ. ಅಗಲ, ದಪ್ಪ, ಉದ್ದ, ಸ್ಪ್ರಿಂಗ್ ಕೂರುವ ಡಬ್ಬಿಯ (ಬ್ಯಾರಲ್) ಒಳ ವ್ಯಾಸ, ನಾಲ್ಕೂ ಹೊಂದಬೇಕು. ದಪ್ಪ ಸ್ವಲ್ಪ ಹೆಚ್ಚಾದರೆ ಏನು ಮಹಾ ಅಂತ ಅನಿಸುತ್ತದೆ ಅಲ್ವಾ? 0.10 ಮಿಲಿಮೀಟರ್ ಇರಬೇಕಾದಲ್ಲಿ 0.11 ಹಾಕಿದರೆ ಬಲ ಸುಮಾರು ಮೂರನೇ ಒಂದು ಭಾಗ ಏರುತ್ತದೆ, ಯಾಕಂದರೆ ಬಲ ದಪ್ಪದ ಘನಕ್ಕೆ ತಕ್ಕಂತೆ ಹೋಗುತ್ತದೆ. ಬ್ಯಾಲೆನ್ಸ್ ವಿಪರೀತ ತಿರುಗಿ, ಅದನ್ನು ತಳ್ಳುವ ಪ್ಯಾಲೆಟ್ ಫೋರ್ಕ್ ಅನ್ನುವ ಕವಲಿನ ಹಿಂಬದಿಗೆ ಬಡಿಯುತ್ತದೆ, ವಾಚು ತುಂಬಾ ಮುಂದೆ ಓಡುತ್ತದೆ.

ನಮ್ಮ ಕರಾವಳಿಯಲ್ಲಿ ನನ್ನ ಕೈಗೆ ಹೆಚ್ಚು ಬರುವುದು ತುಕ್ಕಿನ ಕೇಸು. ಬೆವರು, ಮಳೆಗಾಲದ ತೇವ ಕೀಯ ತೂತಿನಿಂದ ಒಳಗೆ ಹೋಗುತ್ತದೆ. ಮೊದಲು ಹೋಗುವುದು 401 ಮತ್ತು 445, ಅಂದರೆ ಸ್ಟೆಮ್ ಮತ್ತು ಸೆಟ್ಟಿಂಗ್ ಲಿವರ್ ಸ್ಪ್ರಿಂಗ್. ಮಷೀನು ಗೊತ್ತಾದರೆ ಈ ಎರಡನ್ನು ಹುಡುಕುವುದು ಕಷ್ಟವಲ್ಲ. ನಾನು ಪಾರ್ಟ್ ಡಬ್ಬಿಗಳಲ್ಲಿ ಸಿಲಿಕಾ ಜೆಲ್ ಇಡುತ್ತೇನೆ, ಜೂನ್ ಬರುವ ಮೊದಲು ಬದಲಿಸುತ್ತೇನೆ.

ಗಲ್ಫಿನಿಂದ ಬಂದ ಸೈಕೋ 5 ನಮ್ಮಲ್ಲಿ ಮನೆಮನೆಯಲ್ಲಿ ಉಂಟು. ಅದು ಸುಲಭ, ಹಿಂದಿನ ಮುಚ್ಚಳದಲ್ಲೇ ನಂಬರು ಇರುತ್ತದೆ. ಗೆರೆಗಿಂತ ಮೊದಲಿನ ನಾಲ್ಕು ಅಂಕಿ, ಉದಾಹರಣೆಗೆ 7009, ಮಷೀನು. ಆಮೇಲಿನದ್ದು ಕೇಸು, ಅಂದರೆ ಹೊರಗಿನ ಕವಚ. ಆದರೆ ವಾರದ ಹೆಸರಿನ ಡಿಸ್ಕ್ ತರಿಸುವಾಗ ಜಾಗ್ರತೆ. ಗಲ್ಫಿನ ವಾಚಿನಲ್ಲಿ ಇಂಗ್ಲಿಷ್ ಜೊತೆ ಅರೇಬಿಕ್ ಇರುತ್ತದೆ, ಕೀ 3ರ ಹತ್ತಿರವೋ 4ರ ಹತ್ತಿರವೋ ಅನ್ನುವುದರ ಮೇಲೂ ಡಿಸ್ಕ್ ಬದಲಾಗುತ್ತದೆ.

ಎಚ್‌ಎಂಟಿಗೆ ಬೇರೆ ದಾರಿ. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಿನಲ್ಲಿ ಶುರುವಾದದ್ದು. ಜನತಾ, ಪೈಲಟ್ ವಾಚುಗಳಿಗೆ ನಾನು ಹೊಸ ಪಾರ್ಟ್ ಹುಡುಕುವುದಕ್ಕಿಂತ ಕೆಟ್ಟುನಿಂತ ಪೂರ್ತಿ ಮಷೀನನ್ನೇ ತೆಗೆದುಕೊಳ್ಳುತ್ತೇನೆ. ಆಗಲೂ ನಂಬರು ಓದಿ, ಎರಡನ್ನೂ ಪಕ್ಕದಲ್ಲಿಟ್ಟು ನೋಡಿಯೇ ಪಾರ್ಟ್ ಬದಲಿಸುವುದು.

ಬೊಂಬಾಯಿಯ ವಾಚು ಈಗ ನಡೆಯುತ್ತಿದೆ. ಅದರ ಜೊತೆ "ಎಎಸ್ 1130, ಇನ್ಕಾಬ್ಲಾಕ್" ಅಂತ ಒಂದು ಚೀಟಿ ಬರೆದು ಕೊಟ್ಟಿದ್ದೇನೆ, ಮುಂದೆ ಯಾರು ತೆರೆದರೂ ಮೂರು ವಾರ ಹುಡುಕಬಾರದು. ತಪ್ಪಾಗಿ ಬಂದ ಆ ಸ್ಟಾಫ್ ನನ್ನ ಡಬ್ಬಿಯಲ್ಲಿ ಹಾಗೇ ಉಂಟು, ಹೊಸದು. ಇನ್ಕಾಬ್ಲಾಕ್ ಇಲ್ಲದ 1130 ನಿಮ್ಮ ಹತ್ತಿರ ನಿಂತುಹೋಗಿದ್ದರೆ ತಿಳಿಸಿ, ಸುಮ್ನೆ ಕೊಡುತ್ತೇನೆ.