ಡೆಂಗ್ಯೂ ಸೊಳ್ಳೆ ಎಲ್ಲೆಲ್ಲಿ ಮೊಟ್ಟೆ ಇಡುತ್ತದೆ, ಹುಡುಕಿ ತೆಗೆಯುವುದು ಹೇಗೆ

ಡೆಂಗ್ಯೂ ಅಂದ ತಕ್ಷಣ ಎಲ್ಲರ ಕಣ್ಣೂ ಮೋರಿ ಕಡೆ ಹೋಗುತ್ತದೆ. ಆದರೆ ಮೋರಿಯ ಕೊಳಕು ನೀರಿನಲ್ಲಿ ಹುಟ್ಟುವುದು ಹೆಚ್ಚಾಗಿ ಕ್ಯೂಲೆಕ್ಸ್ ಸೊಳ್ಳೆ. ಡೆಂಗ್ಯೂ ಹರಡುವ, ಕಾಲಿನ ಮೇಲೆ ಬಿಳಿ ಪಟ್ಟೆ ಇರುವ ಈಡಿಸ್ ಸೊಳ್ಳೆಗೆ ಇಷ್ಟವಾಗುವುದು ಪಾತ್ರೆ, ಡಬ್ಬ, ತೊಟ್ಟಿಗಳಲ್ಲಿ ಅಲುಗಾಡದೆ ನಿಂತ ಸುಮಾರು ತಿಳಿಯಾದ ನೀರು. ಅಂದರೆ ನಾವೇ ಜೋಪಾನವಾಗಿ ತುಂಬಿಟ್ಟ ನೀರು. ಅದಕ್ಕೇ ಹುಡುಕಾಟವನ್ನು ಮನೆಯೊಳಗಿಂದಲೇ ಶುರು ಮಾಡಿ.

ವಾರಕ್ಕೊಂದು ದಿನ ಗೊತ್ತು ಮಾಡಿಕೊಳ್ಳಿ. ಬೆಚ್ಚಗಿನ ಹವೆಯಲ್ಲಿ ಮೊಟ್ಟೆ ಒಡೆದು, ಮರಿಯಾಗಿ, ರೆಕ್ಕೆ ಬಂದು ಹಾರುವುದಕ್ಕೆ 7ರಿಂದ 10 ದಿನ ಸಾಕು, ಅದಕ್ಕೇ ವಾರದ ಲೆಕ್ಕ. ಕೈಯಲ್ಲಿ ಒಂದು ಟಾರ್ಚ್ ಮತ್ತು ಗಟ್ಟಿ ಬ್ರಷ್ ಇರಲಿ. ನೀರಿನ ಮೇಲೆ ಬೆಳಕು ಬಿಟ್ಟಾಗ ಮರಿಗಳು ಕೊಂಕುತ್ತಾ ತಳಕ್ಕೆ ಇಳಿದುಬಿಡುತ್ತವೆ. ಏನೂ ಇಲ್ಲ ಅಂತ ಮುಂದೆ ಹೋಗಬೇಡಿ. ಸ್ವಲ್ಪ ಹೊತ್ತು ಕಾಯಿರಿ, ಉಸಿರಾಡಲು ಅವು ಮೇಲೆ ಬರಲೇಬೇಕು. ಬಂದು ತಲೆ ಕೆಳಗೆ ಮಾಡಿ ಓರೆಯಾಗಿ ನೇತಾಡುತ್ತವೆ. ತಲೆ ದಪ್ಪಗಿದ್ದು ಮೈ ಬಾಗಿದಂತೆ ಇರುವುದು ಕಂಡರೆ ಅದು ಕೋಶದ ಹಂತ, ಇನ್ನೊಂದೆರಡು ದಿನದಲ್ಲಿ ಹಾರಿಹೋಗುತ್ತದೆ.

ಈಗ ಬಹಳ ಜನ ಬಿಟ್ಟುಬಿಡುವ ಕೆಲಸಕ್ಕೆ ಬರೋಣ. ನೀರು ಚೆಲ್ಲಿದರೆ ಆಯಿತು ಅಂದುಕೊಳ್ಳುತ್ತೇವೆ ಅಲ್ವಾ? ಆಗುವುದಿಲ್ಲ. ಈಡಿಸ್ ಮೊಟ್ಟೆ ಇಡುವುದು ನೀರಿನ ಅಂಚಿಗಿಂತ ಸ್ವಲ್ಪ ಮೇಲೆ, ಪಾತ್ರೆಯ ಒದ್ದೆ ಗೋಡೆಗೆ. ಕಣ್ಣಿಗೆ ಬಿದ್ದರೂ ಕಪ್ಪು ಚುಕ್ಕಿಯಷ್ಟೇ, ಕೊಳೆ ಅಂದುಕೊಳ್ಳಬೇಕು ಹಾಗಿರುತ್ತವೆ. ಅವು ಅಲ್ಲೇ ಅಂಟಿಕೊಂಡು, ನೀರಿಲ್ಲದೆ ಒಣಗಿದ್ದರೂ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿರುತ್ತವೆ, ಮತ್ತೆ ನೀರು ತುಂಬಿ ಮುಳುಗಿದಾಗ ಒಡೆಯುತ್ತವೆ. ಹಾಗಾಗಿ ಚೆಲ್ಲಿ, ಒಳಗೋಡೆಯನ್ನು ಬಾಯಿಯವರೆಗೂ ಬ್ರಷ್‌ನಿಂದ ಗಸಗಸ ಉಜ್ಜಿ, ತೊಳೆದು, ಬಿಸಿಲಿಗೆ ಒಣಗಿಸಿ. ಮರಿ ಇರುವ ನೀರನ್ನು ಒಣ ಮಣ್ಣಿನ ಮೇಲೆ ಸುರಿಯಿರಿ, ಇನ್ನೊಂದು ನೀರಿಗೆ ಸೇರಿಸಬೇಡಿ.

ಡ್ರಮ್, ಬಕೆಟ್ ಎಲ್ಲರಿಗೂ ನೆನಪಾಗುತ್ತವೆ. ಮರೆತುಹೋಗುವ ಜಾಗಗಳೇ ಜಾಸ್ತಿ: ಫ್ರಿಡ್ಜ್ ಹಿಂದೆ ನೀರು ತೊಟ್ಟಿಕ್ಕುವ ಟ್ರೇ, ಕೂಲರ್, ಹೂಕುಂಡದ ಕೆಳಗಿನ ತಟ್ಟೆ, ಬಾಟಲಿಯಲ್ಲಿ ನೀರು ಹಾಕಿ ಬೆಳೆಸಿದ ಬಳ್ಳಿ, ಹಕ್ಕಿಗಿಟ್ಟ ನೀರು, ಮುಚ್ಚಿದ ಟಾರ್ಪಾಲಿನ ಮಡಿಕೆ. ತಾರಸಿಗೆ ಹತ್ತಿ ಮಳೆನೀರಿನ ದೋಣಿಯಲ್ಲಿ ಎಲೆ ಕಟ್ಟಿಕೊಂಡಿದೆಯಾ ನೋಡಿ. ಹೊರಗೆ ಬಿಸಾಡಿದ ತೆಂಗಿನ ಚಿಪ್ಪು, ಪ್ಲಾಸ್ಟಿಕ್ ಲೋಟ, ಮರದ ಪೊಟರೆ, ಕಡಿದ ಬಿದಿರಿನ ಬುಡ, ಕಟ್ಟುತ್ತಿರುವ ಕಟ್ಟಡದ ಲಿಫ್ಟ್ ಗುಂಡಿ ಕೂಡ ಬಿಡಬೇಡಿ. ಹಳೆ ಟೈರ್ ಬಗ್ಗೆ ಬೇರೆಯಾಗಿ ಹೇಳಲೇಬೇಕು. ಒಳಗಿನ ನೀರು ನೆರಳಿನಲ್ಲಿರುತ್ತದೆ, ಬೇಗ ಆರುವುದಿಲ್ಲ, ಎಷ್ಟು ಅಲುಗಾಡಿಸಿದರೂ ಪೂರ್ತಿ ಸುರಿಯುವುದಿಲ್ಲ. ಸೂರಿನಡಿ ಇಡಿ, ಇಲ್ಲವೇ ತೂತು ಹೊಡೆಯಿರಿ. ಬೇಡದಿದ್ದರೆ ಸಾಗಹಾಕಿ.

ಖಾಲಿ ಮಾಡಲಾಗದ ದೊಡ್ಡ ಟ್ಯಾಂಕಿಗೆ ಸಂದಿಯಿಲ್ಲದ ಮುಚ್ಚಳ, ಹೆಚ್ಚುವರಿ ನೀರು ಹೋಗುವ ಪೈಪಿನ ಬಾಯಿಗೆ ಸಣ್ಣ ಜಾಲರಿ ಹಾಕಿ. ಅಲಂಕಾರದ ಕೊಳವಾದರೆ ಗಪ್ಪಿ ಮೀನು ಬಿಡಬಹುದು, ಮರಿಗಳನ್ನು ತಿನ್ನುತ್ತವೆ. ಕುಡಿಯುವ ನೀರಿಗೆ ಮಾತ್ರ ನೀವಾಗೇ ಯಾವ ಔಷಧಿಯನ್ನೂ ಹಾಕಬೇಡಿ, ಆರೋಗ್ಯ ಇಲಾಖೆಯವರನ್ನು ಕೇಳಿ. ಹೊಗೆ ಹೊಡೆದಿದ್ದಾರೆ ಅಂತ ಸುಮ್ನೆ ಕೂರುವುದೂ ಸರಿಯಲ್ಲ, ಆ ಹೊಗೆ ಸಾಯಿಸುವುದು ಹಾರಾಡುವ ಸೊಳ್ಳೆಗಳನ್ನು, ಮೊಟ್ಟೆ ಮರಿಗಳನ್ನಲ್ಲ.

ಈ ಸೊಳ್ಳೆ ಬಹಳ ದೂರ ಹಾರುವುದಿಲ್ಲ. ನಿಮ್ಮನ್ನು ಹಗಲಲ್ಲೇ ಕಚ್ಚುತ್ತಿದ್ದರೆ, ನಿಮ್ಮ ಮನೆಯಲ್ಲಿ ಎಲ್ಲೂ ಮರಿ ಸಿಗದಿದ್ದರೆ, ಪಕ್ಕದ ಮನೆಯವರ ಜೊತೆ ಮಾತಾಡಿ, ಇಬ್ಬರೂ ಸೇರಿ ಅವರ ತಾರಸಿಯನ್ನೂ ನೋಡಿ. ಬೀಗ ಹಾಕಿ ಊರಿಗೆ ಹೋಗುವವರು ಕಮೋಡಿನ ಮುಚ್ಚಳ ಹಾಕಿ, ನೆಲದ ಜಾಲಿ ಮುಚ್ಚಿ, ಬಕೆಟ್‌ಗಳನ್ನು ಬೋರಲು ಹಾಕಿಯೇ ಹೊರಡಿ.