ಬೇಡದ ಸುದ್ದಿಯನ್ನು ದಾಟುವುದು ಹೇಗೆ

ನನಗೆ ಕಣ್ಣು ಕಾಣುವುದಿಲ್ಲ. ಪೇಪರು ಓದುವುದೆಲ್ಲ ಕಿವಿಯಲ್ಲೇ. ವಿಂಡೋಸ್ ಕಂಪ್ಯೂಟರಿನಲ್ಲಿ ಎನ್‌ವಿಡಿಎ ಎಂಬ ಉಚಿತ ಸ್ಕ್ರೀನ್ ರೀಡರ್, ಅಂದರೆ ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ; ಅದರೊಳಗೆ ಇಸ್ಪೀಕ್ ಎಂಬ ಮಾತಿನ ತಂತ್ರಾಂಶದ ಕನ್ನಡ ದನಿ. ಡಬ್ಬದೊಳಗೆ ಕೂತು ಮಾತಾಡಿದ ಹಾಗಿದೆ ಎಂದು ಮನೆಯವರು ನಗುತ್ತಾರೆ. ನಗಲಿ. ವೇಗ ಏರಿಸಿದರೂ ಅದು ಅಕ್ಷರ ನುಂಗುವುದಿಲ್ಲ, ನನಗೆ ಅಷ್ಟು ಸಾಕು.

ಕಣ್ಣಿದ್ದವರು ಪೇಪರು ಓದುವುದಕ್ಕಿಂತ ಬಿಡುವುದೇ ಹೆಚ್ಚು. ಪುಟದ ಮೇಲೆ ಒಮ್ಮೆ ಕಣ್ಣಾಡಿಸಿ, ಬೇಡದ್ದನ್ನು ಬಿಟ್ಟು, ಬೇಕಾದ್ದರ ಮೇಲೆ ನಿಲ್ಲುತ್ತಾರೆ. ಕಿವಿಗೆ ಆ ಅನುಕೂಲವಿಲ್ಲ. ಅದಕ್ಕೇ ಹಲವು ತಾಣಗಳ ಸುದ್ದಿಯನ್ನು ಒಂದೇ ಕಡೆ ತಂದುಕೊಡುವ ಒಂದು ನ್ಯೂಸ್ ರೀಡರ್ ನಮಗೆ ಒಗ್ಗುತ್ತದೆಯೇ ಎಂದು ನೋಡುವಾಗ ಅದು ಸುದ್ದಿಯನ್ನು ಓದಿಸುತ್ತದೆಯೇ ಎಂದು ನಾನು ಕೇಳುವುದಿಲ್ಲ, ದಾಟಲು ಬಿಡುತ್ತದೆಯೇ ಎಂದು ಕೇಳುತ್ತೇನೆ.

ಪತ್ರಿಕೆಗಳ ಜಾಲತಾಣಕ್ಕೇ ನೇರ ಹೋಗಬಹುದಲ್ಲ ಎಂದು ಕೇಳುವವರಿದ್ದಾರೆ. ಇ-ಪೇಪರ್ ಬಹುಪಾಲು ಬರೀ ಚಿತ್ರ. ಸ್ಕ್ರೀನ್ ರೀಡರ್ ‘ಗ್ರಾಫಿಕ್’ ಎಂದು ಹೇಳಿ ಸುಮ್ಮನಾಗುತ್ತದೆ. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೇ ಸಂಕೇತವ್ಯವಸ್ಥೆಯಾದ ಯೂನಿಕೋಡ್‌ಗೆ ಮುಂಚಿನ ಫಾಂಟುಗಳಲ್ಲಿರುವ ಹಳೆಯ ಪುಟಗಳು ಕಣ್ಣಿಗೆ ಕನ್ನಡ, ಕಿವಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಯೂನಿಕೋಡ್ ಇದ್ದರೂ ಜಾಹೀರಾತು, ಮೆನು, ‘ಇದನ್ನೂ ಓದಿ’ಗಳ ನಡುವೆ ಸುದ್ದಿ ಹುಡುಕಬೇಕು. ನ್ಯೂಸ್ ರೀಡರ್‌ಗೆಂದು ತಾಣ ಹೊರಡಿಸುವ ಸುದ್ದಿಪಟ್ಟಿಗೆ ಫೀಡ್ ಎನ್ನುತ್ತಾರೆ, ಅದರಲ್ಲಿ ಈ ಗೊಜಲು ಇಲ್ಲ. ತಲೆಬರಹ, ನಾಲ್ಕು ಸಾಲು, ಕೊಂಡಿ, ಅಷ್ಟೇ.

ಬ್ರೌಸರಿನಲ್ಲೇ ಓದುವ ಫೀಡ್ ರೀಡರ್‌ಗಳಲ್ಲಿ ಗೂಗಲ್ ರೀಡರ್ 2008ರ ಸುಮಾರಿಗೇ ಸ್ಕ್ರೀನ್ ರೀಡರ್ ಬಳಸುವವರಿಗಾಗಿ ಏರಿಯಾ ತಂತ್ರವನ್ನು, ಅಂದರೆ ಪುಟದ ಯಾವ ಭಾಗ ಏನೆಂದು ಸ್ಕ್ರೀನ್ ರೀಡರ್‌ಗೆ ತಿಳಿಸುವ ಗುರುತುಗಳನ್ನು, ಅಳವಡಿಸಿಕೊಂಡಿತ್ತು. ಗೂಗಲ್‌ನಲ್ಲಿ ಆ ದಿಕ್ಕಿನ ಕೆಲಸ ಮಾಡುತ್ತಿದ್ದವರಲ್ಲಿ ಟಿ. ವಿ. ರಾಮನ್ ಒಬ್ಬರು, ಅವರಿಗೂ ಕಣ್ಣು ಕಾಣುವುದಿಲ್ಲ. 2013ರ ಜುಲೈ 1ಕ್ಕೆ ಆ ಸೇವೆ ನಿಂತಿತು. ಅಲ್ಲಿಂದ ಒಪಿಎಂಎಲ್ ಎಂಬ ಬಗೆಯ ಕಡತದಲ್ಲಿ ನನ್ನ ಫೀಡ್‌ಗಳ ಪಟ್ಟಿ ಹೊತ್ತುಕೊಂಡು ಒಂದು ರೀಡರ್‌ನಿಂದ ಇನ್ನೊಂದಕ್ಕೆ ಮನೆ ಬದಲಿಸುತ್ತಲೇ ಇದ್ದೇನೆ.

ಹೊಸ ಫೀಡ್ ರೀಡರ್ ಸಿಕ್ಕಿದ ಕೂಡಲೇ ಸೆಟ್ಟಿಂಗ್ಸ್‌ಗೆ ಹೋಗುತ್ತೇನೆ. ಕಾರ್ಡು, ಮ್ಯಾಗಜೀನು ಎಂಬ ಅಲಂಕಾರದ ನೋಟಗಳನ್ನು ಬಿಟ್ಟು ಬರೀ ತಲೆಬರಹಗಳ ಪಟ್ಟಿ ಆರಿಸುತ್ತೇನೆ. ಆಮೇಲೆ ‘ಸ್ಕ್ರಾಲ್ ಮಾಡಿದಂತೆ ಓದಿದ್ದೆಂದು ಗುರುತಿಸು’ ಎಂಬುದನ್ನು ಆಫ್ ಮಾಡಿಬಿಡುತ್ತೇನೆ. ಇಲ್ಲದಿದ್ದರೆ ಎನ್‌ವಿಡಿಎ ಕರ್ಸರ್ ಸರಿದಂತೆ ಪುಟವೂ ಸರಿಯುತ್ತದೆ, ನಾನಿನ್ನೂ ಕೇಳಿರದ ಸುದ್ದಿ ‘ಓದಿದ್ದು’ ಎಂದು ಮಾಯವಾಗುತ್ತದೆ. ತಲೆಬರಹಗಳನ್ನು ಪುಟದ ಕೋಡ್‌ನಲ್ಲೇ ಹೆಡಿಂಗ್ ಎಂದು ಗುರುತಿಸಿದ್ದರೆ ಎಚ್ ಕೀ ಒತ್ತುತ್ತ ಒಂದೊಂದನ್ನೇ ದಾಟಬಹುದು. ಬರೀ ದಪ್ಪ ಅಕ್ಷರ ಹಾಕಿ ಹೆಡಿಂಗ್ ಎಂದು ತೋರಿಸಿದ್ದರೆ ಎಚ್ ಕೆಲಸಕ್ಕೆ ಬಾರದು; ಅಂಥದ್ದನ್ನು ಅಲ್ಲಿಗೇ ಕೈಬಿಡುತ್ತೇನೆ.

ಇನ್ನೊಂದು ಜಗಳ ಕೀಲಿಗಳದ್ದು. ಇಂಥ ಫೀಡ್ ರೀಡರ್‌ಗಳಲ್ಲಿ ಜೆ ಒತ್ತಿದರೆ ಮುಂದಿನ ಸುದ್ದಿ, ಕೆ ಒತ್ತಿದರೆ ಹಿಂದಿನದು. ಎನ್‌ವಿಡಿಎಗೆ ಕೆ ಎಂದರೆ ಮುಂದಿನ ಲಿಂಕ್. ಕೀಲಿ ಯಾರಿಗೆ ಸೇರಬೇಕು? ಇನ್ಸರ್ಟ್ ಜೊತೆ ಸ್ಪೇಸ್ ಒತ್ತಿ, ಕೀಲಿಗಳು ನೇರ ಪುಟಕ್ಕೆ ತಲುಪುವ ಫೋಕಸ್ ಮೋಡ್‌ಗೆ ಹೋದರೆ ಫೀಡ್ ರೀಡರ್‌ಗೆ. ಒಂದೇ ಸಲಕ್ಕಾದರೆ ಇನ್ಸರ್ಟ್ ಜೊತೆ ಎಫ್2 ಒತ್ತಿ ಆಮೇಲೆ ಕೆ ಒತ್ತಬೇಕು. ಇಷ್ಟೆಲ್ಲ ಮಾಡಿಯೂ ಕೆಲವು ಕಡೆ ದನಿಯೇ ಬರುವುದಿಲ್ಲ. ಪರದೆಯ ಮೇಲೆ ಬಣ್ಣ ಮಾತ್ರ ಮುಂದಿನ ಸಾಲಿಗೆ ಹೋಗಿರುತ್ತದೆ, ಸ್ಕ್ರೀನ್ ರೀಡರ್ ಹಿಂಬಾಲಿಸುವ ಫೋಕಸ್ ಇದ್ದಲ್ಲೇ ಇರುತ್ತದೆ. ನೋಡಿದವರಿಗೆ ಎಲ್ಲವೂ ಸರಿ!

ಈ ಒಂದೇ ಅಕ್ಷರದ ಶಾರ್ಟ್‌ಕಟ್‌ಗಳು ಕೈ ಆಡದ ನನ್ನ ಗೆಳೆಯನನ್ನು ಇನ್ನೂ ಹೆಚ್ಚು ಕಾಡುತ್ತವೆ. ಅವನು ಕಂಪ್ಯೂಟರಿಗೆ ಬಾಯಲ್ಲಿ ಹೇಳಿ ಕೆಲಸ ಮಾಡಿಸುತ್ತಾನೆ. ಅವನು ಪಕ್ಕದವರ ಜೊತೆ ಮಾತಾಡಿದ್ದನ್ನು ಯಂತ್ರ ಅಕ್ಷರಗಳೆಂದು ತಿಳಿದುಕೊಂಡರೆ ಸುದ್ದಿಗಳು ತಾವಾಗಿ ತೆರೆದುಕೊಳ್ಳುತ್ತವೆ, ಅಳಿಸಿಹೋಗುತ್ತವೆ. ಜಾಲತಾಣಗಳು ಅಂಗವಿಕಲರಿಗೂ ಬಳಸಲು ಬರುವಂತಿರಬೇಕೆಂಬ ಅಂತರರಾಷ್ಟ್ರೀಯ ಮಾರ್ಗಸೂಚಿಯಾದ 2018ರ ಡಬ್ಲ್ಯುಸಿಎಜಿ 2.1ರಲ್ಲಿ ಇದಕ್ಕೆಂದೇ 2.1.4 ಎಂಬ ನಿಯಮವಿದೆ: ಅಂಥ ಶಾರ್ಟ್‌ಕಟ್‌ಗಳನ್ನು ಆಫ್ ಮಾಡಲೋ ಬದಲಿಸಲೋ ದಾರಿ ಇರಬೇಕು, ಇಲ್ಲವೇ ಆಯಾ ಭಾಗದ ಮೇಲೆ ಫೋಕಸ್ ಇದ್ದಾಗ ಮಾತ್ರ ಅವು ಕೆಲಸ ಮಾಡಬೇಕು. ಮಂದದೃಷ್ಟಿಯ ಓದುಗರ ಪಾಡು ಬೇರೆ. ನಾಲ್ಕು ಪಟ್ಟು ಹಿಗ್ಗಿಸಿದಾಗ ಮೂರು ಕಂಬಗಳ ಪುಟ ಒಂದು ಕಂಬವಾಗಿ ಮಡಚಿಕೊಳ್ಳದಿದ್ದರೆ ಪ್ರತಿ ಸಾಲಿಗೂ ಎಡಬಲ ಎಳೆದಾಡಬೇಕು.

ಪೂರ್ತಿ ಸುದ್ದಿ ಬೇಕೆಂದು ಕೊಂಡಿ ಒತ್ತಿದರೆ ಮತ್ತೆ ಅದೇ ಸಂತೆ, ಜೊತೆಗೆ ತಾನಾಗಿ ಹಾಡತೊಡಗುವ ವಿಡಿಯೊ. ಫೈರ್‌ಫಾಕ್ಸ್‌ನಲ್ಲಿ ಎಫ್9 ಒತ್ತಿ ರೀಡರ್ ವ್ಯೂಗೆ ಹೋದರೆ ಲೇಖನ ಮಾತ್ರ ಉಳಿಯುತ್ತದೆ. ಕನ್ನಡ ಪುಟವನ್ನು ಇಂಗ್ಲಿಷ್ ಎಂದು ಗುರುತಿಸಿಟ್ಟ ತಾಣಗಳೂ ಇವೆ. ಅಲ್ಲಿ ದನಿ ಇಂಗ್ಲಿಷಿಗೆ ತಿರುಗಿ ಕನ್ನಡದ ಮುಂದೆ ತಬ್ಬಿಬ್ಬಾಗುತ್ತದೆ. ಹಾಗಾಗಿ ಎನ್‌ವಿಡಿಎಯಲ್ಲಿ ಭಾಷೆ ತಾನಾಗಿ ಬದಲಾಗುವ ಆಯ್ಕೆಯನ್ನೇ ತೆಗೆದುಹಾಕಿದ್ದೇನೆ. ಪುಟದವರು ಕೋಡ್‌ನಲ್ಲಿ ಬರೆಯಬೇಕಾದ್ದು ಕನ್ನಡದ ಸಂಕೇತದ ಎರಡೇ ಅಕ್ಷರ, ಕೆ ಮತ್ತು ಎನ್.

ದೋಷ ಕಂಡಾಗ ತಯಾರಕರಿಗೆ ಮೇಲ್ ಬರೆಯುತ್ತೇನೆ. ‘ನಿಮ್ಮದು ನಮಗೆ ಬಳಸಲಾಗದು’ ಎಂದರೆ ಯಾರೂ ಏನೂ ಮಾಡಲಾರರು. ಯಾವ ಬ್ರೌಸರ್, ಎನ್‌ವಿಡಿಎಯ ಯಾವ ಆವೃತ್ತಿ, ಯಾವ ಕೀಲಿ ಒತ್ತಿದೆ, ಏನು ಕೇಳಿಸಿತು, ಏನು ಕೇಳಿಸಬೇಕಿತ್ತು ಎಂದು ಬರೆದರೆ ಕೆಲವರಾದರೂ ಸರಿಪಡಿಸುತ್ತಾರೆ, ಅದರಲ್ಲೂ ಚಿಕ್ಕ ತಂಡದವರು. ಮೊದಲ ಮೇಲ್‌ನಲ್ಲೇ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯನ್ನು ಎತ್ತುವುದಿಲ್ಲ. ಎತ್ತಿದರೆ ಪತ್ರ ಪ್ರೋಗ್ರಾಮರ್ ಮೇಜು ಬಿಟ್ಟು ವಕೀಲರ ಮೇಜಿಗೆ ಹೋಗುತ್ತದೆ.

ಫೀಡ್ ಕೈಕೊಡುವುದು ಚುನಾವಣಾ ಫಲಿತಾಂಶದ ದಿನ. ತಾಣಗಳೆಲ್ಲ ಬಣ್ಣದ ನಕ್ಷೆ ಹಾಕುತ್ತವೆ, ನನಗದು ಖಾಲಿ ಜಾಗ. 2023ರ ಮೇ 13ರಂದು ವಿಧಾನಸಭೆ ಫಲಿತಾಂಶಕ್ಕೆ ಚುನಾವಣಾ ಆಯೋಗದ ಪುಟವನ್ನೇ ತೆರೆದುಕೊಂಡೆ. ಟಿ ಒತ್ತಿದರೆ ಕೋಷ್ಟಕ, ಕಂಟ್ರೋಲ್ ಆಲ್ಟ್ ಜೊತೆ ಕೆಳಬಾಣ ಒತ್ತಿದರೆ ಪಕ್ಷವಾರು ಲೆಕ್ಕ. ಎಣಿಕೆ ಮುಗಿದಾಗ ಕಾಂಗ್ರೆಸ್ 135, ಬಿಜೆಪಿ 66, ಜೆಡಿಎಸ್ 19. ಟಿವಿ ಮುಂದೆ ಕೂತವರು ಅಂಕಿ ಕೇಳಲು ನನ್ನ ಕೋಣೆಗೆ ಬರುತ್ತಿದ್ದರು, ಟಿವಿಯಲ್ಲಿ ಜಾಹೀರಾತು ನಡೆಯುತ್ತಿತ್ತಂತೆ.